ಫ್ರೆಟ್ ಅಳೆಯುವ ಮೊದಲು ಫ್ರೆಟ್ ಅಲ್ಲದ್ದನ್ನು ಅಳೆಯಿರಿ

"ಅಕ್ಕಾರ, ಬಣ್ಣ ಚಂದ ಬಂದೈತ್ರಿ. ಆದ್ರ ನಂಬರ್ ದಿನಾ ಬ್ಯಾರೆ ಬ್ಯಾರೆ ಬರಾಕತ್ತೈತ್ರಿ. ಏನ್ ಮಾಡ್ಲಿ?"

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳು ನನಗೆ ಮತ್ತೆ ಮತ್ತೆ ಕೇಳುವುದು ಇದನ್ನೇ. ಜೀವಕೋಶದೊಳಗೆ ಎರಡು ಪ್ರೋಟೀನುಗಳು ಒಂದಕ್ಕೊಂದು ಅಂಟುತ್ತವೆಯೇ ಎಂದು ನೋಡಲು ಫ್ರೆಟ್, ಅಂದರೆ ಹೊಳೆಯುವ ಎರಡು ಅಣುಗಳ ನಡುವೆ ಶಕ್ತಿ ದಾಟುವುದನ್ನು ಅಳೆಯುವ ಪ್ರಯೋಗ, ಮಾಡಿರುತ್ತಾರೆ. ಸಾಫ್ಟ್‌ವೇರು ಕೆಂಪು, ಹಳದಿ, ನೀಲಿ ತುಂಬಿದ ಚಿತ್ರ ಕೊಟ್ಟಿರುತ್ತದೆ. ಆದರೆ ನಿನ್ನೆ ಶೇ 12 ಬಂದದ್ದು ಇವತ್ತು 25, ನಾಳೆ ಮೈನಸ್ 4. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಮೈಕ್ರೋಸ್ಕೋಪಿನ ಮುಂದೆ ಕೂರುವಾಗ ಪಕ್ಕದಲ್ಲಿಟ್ಟುಕೊಳ್ಳಿ.

ಮೊದಲು ಎರಡು ಮಾತು

ಫ್ಲೋರೆಸೆನ್ಸ್ ಅಂದರೆ ಒಂದು ಅಣು ಒಂದು ಬಣ್ಣದ ಬೆಳಕು ಹೀರಿಕೊಂಡು ಇನ್ನೊಂದು ಬಣ್ಣದ ಬೆಳಕು ಬಿಡುವುದು. ಫ್ರೆಟ್‌ನಲ್ಲಿ ಇಂಥ ಎರಡು ಅಣುಗಳಿರುತ್ತವೆ. ಶಕ್ತಿ ಕೊಡುವುದು ಡೋನರ್, ಅದನ್ನು ಪಡೆಯುವುದು ಅಕ್ಸೆಪ್ಟರ್. ಎರಡೂ ತೀರಾ ಹತ್ತಿರ ಬಂದಾಗ ಡೋನರ್ ತಾನು ಹೀರಿದ ಶಕ್ತಿಯನ್ನು ಬೆಳಕಾಗಿ ಬಿಡದೆ ನೇರವಾಗಿ ಅಕ್ಸೆಪ್ಟರ್‌ಗೆ ದಾಟಿಸುತ್ತದೆ. ಸಿತಾರಿನ ಮೇಲಿನ ತಂತಿ ಮೀಟಿದಾಗ ಕೆಳಗಿನ ತರಬ್ ತಂತಿ ಯಾರೂ ಮುಟ್ಟದೆಯೇ ನಡುಗುತ್ತದಲ್ವಾ, ಆ ಥರ. ಡೋನರ್ ಮಂಕಾಗುತ್ತದೆ, ಅಕ್ಸೆಪ್ಟರ್ ಬೆಳಗುತ್ತದೆ.

ಇದರ ಲೆಕ್ಕವನ್ನು 1940ರ ದಶಕದಲ್ಲಿ ಜರ್ಮನಿಯ ಥಿಯೋಡೋರ್ ಫೋರ್ಸ್ಟರ್ ಕಟ್ಟಿಕೊಟ್ಟರು. ಶಕ್ತಿ ದಾಟುವ ಪ್ರಮಾಣ ದೂರದ ಆರನೇ ಘಾತಕ್ಕೆ ತಕ್ಕಂತೆ ಬೀಳುತ್ತದೆ. ಅರ್ಧದಷ್ಟು ಶಕ್ತಿ ದಾಟುವ ದೂರಕ್ಕೆ ಫೋರ್ಸ್ಟರ್ ದೂರ ಎನ್ನುತ್ತಾರೆ. ಸಯಾನ್ (ಹಸಿರು ಬೆರೆತ ನೀಲಿ, ಡೋನರ್) ಮತ್ತು ಹಳದಿ (ಅಕ್ಸೆಪ್ಟರ್) ಪ್ರೋಟೀನುಗಳ ಜೋಡಿಗೆ, ಅಂದರೆ ಸಿಎಫ್‌ಪಿ–ವೈಎಫ್‌ಪಿಗೆ, ಅದು ಸುಮಾರು 4.9 ನ್ಯಾನೋಮೀಟರ್. ದೂರ ಅದರ ಎರಡರಷ್ಟಾದರೆ ದಾಟುವುದು 65ರಲ್ಲಿ ಒಂದು ಪಾಲು ಮಾತ್ರ. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪಿಗೆ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರ ಇರುವ ಎರಡು ಚುಕ್ಕೆ ಒಂದೇ ಆಗಿ ಕಾಣುತ್ತವೆ. ಫ್ರೆಟ್ ಅದಕ್ಕಿಂತ ಎಷ್ಟೋ ಚಿಕ್ಕ ದೂರದ ಸುದ್ದಿ ಹೇಳುತ್ತದೆ. ಅದಕ್ಕೇ ಇಷ್ಟು ಕಷ್ಟಪಟ್ಟು ಮಾಡುತ್ತೇವೆ.

ತೊಂದರೆ ಇರುವುದು ಒಂದೇ ಕಡೆ. ಫ್ರೆಟ್ ಚಿತ್ರ ಎಂದು ಕ್ಯಾಮೆರಾ ಕೊಡುವ ಬೆಳಕಿನಲ್ಲಿ ಫ್ರೆಟ್ ಅಲ್ಲದ ಬೆಳಕೇ ಜಾಸ್ತಿ ಇರುತ್ತದೆ. ಅದನ್ನೆಲ್ಲ ಕಳೆದು ಉಳಿಯುವ ಸಣ್ಣ ಉಳಿಕೆಯೇ ನಮಗೆ ಬೇಕಾದದ್ದು. ಕಳೆಯುವ ಅಂಕಿ ಸ್ವಲ್ಪ ತಪ್ಪಿದರೂ ಉಳಿಕೆ ಪೂರ್ತಿ ಕೆಡುತ್ತದೆ. ಹಾಗಾಗಿ ಕೆಲಸದ ಮುಕ್ಕಾಲು ಪಾಲು ನಿಮ್ಮ ಸ್ಯಾಂಪಲ್ ನೋಡುವ ಮೊದಲೇ ನಡೆಯಬೇಕು.

ಏನೇನು ಬೇಕು

ಆರು ಡಿಶ್ ಕೋಶಗಳು ಬೇಕು. ಒಂದರಲ್ಲಿ ಯಾವ ಬಣ್ಣದ ಪ್ರೋಟೀನೂ ಇಲ್ಲದ ಖಾಲಿ ಕೋಶ. ಎರಡನೆಯದರಲ್ಲಿ ಡೋನರ್ ಮಾತ್ರ. ಮೂರನೆಯದರಲ್ಲಿ ಅಕ್ಸೆಪ್ಟರ್ ಮಾತ್ರ. ನಾಲ್ಕನೆಯದರಲ್ಲಿ ಡೋನರ್, ಅಕ್ಸೆಪ್ಟರ್ ಎರಡನ್ನೂ ಚಿಕ್ಕ ಕೊಂಡಿಯಿಂದ ಜೋಡಿಸಿದ ಪ್ರೋಟೀನು. ಇದರಲ್ಲಿ ಫ್ರೆಟ್ ಇದ್ದೇ ಇರಬೇಕು. ಐದನೆಯದರಲ್ಲಿ ಎರಡೂ ಇವೆ, ಆದರೆ ಜೋಡಿಸಿಲ್ಲ. ಇಲ್ಲಿ ಫ್ರೆಟ್ ಇರಬಾರದು. ಆರನೆಯದು ನಿಮ್ಮ ಸ್ಯಾಂಪಲ್.

ನಾಲ್ಕನೆಯದಕ್ಕೆ ಸೆರುಲಿಯನ್ (ಸಯಾನ್) ಮತ್ತು ವೀನಸ್ (ಹಳದಿ) ಪ್ರೋಟೀನುಗಳ ನಡುವೆ 5, 17 ಅಥವಾ 32 ಅಮೈನೋ ಆಮ್ಲದ ಕೊಂಡಿ ಇಟ್ಟ ಜೋಡಿಗಳು ಬಹಳ ಬಳಕೆಯಲ್ಲಿವೆ. ಇವುಗಳ ಫ್ರೆಟ್ ಪ್ರಮಾಣ ಕ್ರಮವಾಗಿ ಸುಮಾರು ಶೇ 43, 38 ಮತ್ತು 31. ಹಲವು ವಿಧಾನಗಳಿಂದ ಅಳೆದು ಒಪ್ಪಿಕೊಂಡ ಅಂಕಿಗಳಿವು. ತೂಕದ ಅಂಗಡಿಯ ಮುದ್ರೆ ಒತ್ತಿದ ಕಲ್ಲಿನ ಹಾಗೆ. ನಿಮ್ಮ ತಕ್ಕಡಿ ಇವನ್ನು ಸರಿಯಾಗಿ ತೂಗದಿದ್ದರೆ ಬೇರೆ ಯಾವುದನ್ನೂ ತೂಗಲಾರದು.

"ಒಂದೇ ಸರಪಳಿಯ ಸೆನ್ಸರ್ ಬಳಸುತ್ತೇನೆ, ನನಗೂ ಇದೆಲ್ಲ ಬೇಕಾ?" ಎಂದು ಕೇಳುವವರಿದ್ದಾರೆ. 1997ರಲ್ಲಿ ಮಿಯಾವಾಕಿ, ರೋಜರ್ ತ್ಸಿಯೆನ್ ಮತ್ತು ಸಂಗಡಿಗರು ಮಾಡಿದ ಕ್ಯಾಲ್ಸಿಯಂ ಸೆನ್ಸರ್ ಕ್ಯಾಮೀಲಿಯನ್ ಈ ಜಾತಿಯದು. ಇದರಲ್ಲಿ ಡೋನರ್, ಅಕ್ಸೆಪ್ಟರ್ ಎರಡೂ ಒಂದೇ ಪ್ರೋಟೀನಿನಲ್ಲಿವೆ, ಒಂದು ಡೋನರ್‌ಗೆ ಒಂದೇ ಅಕ್ಸೆಪ್ಟರ್. ಹಾಗಾಗಿ ಹಳದಿ ಚಿತ್ರವನ್ನು ಸಯಾನ್ ಚಿತ್ರದಿಂದ ಭಾಗಿಸಿದರೆ ಏರಿಳಿತ ತಿಳಿಯುತ್ತದೆ. ಹಂತ 1, 2, 3, 7 ಮತ್ತು ಹಂತ 6ರಲ್ಲಿ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ಭಾಗ ನಿಮಗೂ ಬೇಕೇ ಬೇಕು. 5 ಮತ್ತು 8 ಬಿಡಬಹುದು. ಪ್ರಯೋಗದ ಕೊನೆಗೆ ಅಯೋನೊಮೈಸಿನ್ (ಕೋಶದೊಳಗೆ ಕ್ಯಾಲ್ಸಿಯಂ ಬಿಡುವ ರಾಸಾಯನಿಕ) ಜೊತೆ ಕ್ಯಾಲ್ಸಿಯಂ ಹಾಕಿ ಗರಿಷ್ಠ ಅಂಕಿ, ಇಜಿಟಿಎ (ಕ್ಯಾಲ್ಸಿಯಂ ಹಿಡಿದುಕೊಳ್ಳುವ ರಾಸಾಯನಿಕ) ಹಾಕಿ ಕನಿಷ್ಠ ಅಂಕಿ ತೆಗೆದುಕೊಳ್ಳಿ. ಎರಡು ಬೇರೆ ಬೇರೆ ಪ್ರೋಟೀನುಗಳಿಗೆ ಬಣ್ಣ ಹಚ್ಚಿದವರಿಗೆ ಎಲ್ಲ ಹಂತವೂ ಕಡ್ಡಾಯ.

ಹಂತ 1: ಯಂತ್ರ ನೆಲೆಗೊಳ್ಳಲಿ

ಮರ್ಕ್ಯುರಿ ಅಥವಾ ಝೆನಾನ್ ದೀಪವಾದರೆ ಹಚ್ಚಿ ಅರ್ಧ ತಾಸು ಕಾಯಿರಿ. ಎಲ್‌ಇಡಿಗೆ ಅಷ್ಟು ಬೇಡ. ದೀಪ, ಕ್ಯಾಮೆರಾ ಎರಡೂ ಯುಪಿಎಸ್ ಮೇಲಿರಲಿ. ವೋಲ್ಟೇಜ್ ಅಲುಗಿದರೆ ದೀಪದ ಬೆಳಕೂ ಅಲುಗುತ್ತದೆ, ಅದು ನಿಮ್ಮ ಅಂಕಿಯಲ್ಲಿ ಜೀವಕೋಶದ ಏರಿಳಿತದ ಹಾಗೇ ಕಾಣುತ್ತದೆ. ವಿಜಯಪುರದ ಏಪ್ರಿಲ್–ಮೇ ಬಿಸಿಲಿನಲ್ಲಿ ಎಸಿ ಹಚ್ಚಿದ ತಕ್ಷಣ ಚಿತ್ರ ತೆಗೆಯಬೇಡಿ. ಕೋಣೆಯ ಬಿಸಿ ಇಳಿಯುವಾಗ ಲೋಹವೆಲ್ಲ ಕುಗ್ಗಿ ಫೋಕಸ್ ಜಾರುತ್ತದೆ. ಬೆಳಗಾವಿಯ ಮಳೆಗಾಲದ ತೊಂದರೆ ಬೇರೆ. ತೇವಕ್ಕೆ ಲೆನ್ಸಿಗೂ ಫಿಲ್ಟರಿಗೂ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಗಾಜು ಬೆಳಕನ್ನು ಚದುರಿಸಿ ಬ್ಯಾಕ್‌ಗ್ರೌಂಡ್ ಏರಿಸುತ್ತದೆ. ಸಿಲಿಕಾ ಜೆಲ್ ಹಾಕಿದ ಪೆಟ್ಟಿಗೆಯಲ್ಲಿಡಿ, ಹರಳು ಬಣ್ಣ ಬದಲಿಸಿದರೆ ಒಣಗಿಸಿ ಮತ್ತೆ ಹಾಕಿ.

ಹೊಳೆಯುವ ಪ್ಲಾಸ್ಟಿಕ್ ಸ್ಲೈಡ್ ಒಂದನ್ನು ಇಟ್ಟುಕೊಳ್ಳಿ. ದಿನಾ ಬೆಳಿಗ್ಗೆ ಅದೇ ಎಕ್ಸ್‌ಪೋಶರ್‌ನಲ್ಲಿ ಅದರ ಚಿತ್ರ ತೆಗೆದು ಅಂಕಿಯನ್ನು ಪುಸ್ತಕದಲ್ಲಿ ಬರೆಯಿರಿ. ಅಂಕಿ ಜಾರಿದ ದಿನ ದೋಷ ಯಂತ್ರದಲ್ಲಿದೆ, ಕೋಶದಲ್ಲಿ ಅಲ್ಲ ಎಂದು ಮೊದಲೇ ಗೊತ್ತಾಗುತ್ತದೆ. ಇದೇ ಸ್ಲೈಡ್ ಇನ್ನೊಂದು ಕೆಲಸಕ್ಕೂ ಬರುತ್ತದೆ. ಚಿತ್ರದ ನಡುಭಾಗ ಬೆಳಗಿ ಮೂಲೆ ಮಂಕಾಗಿದ್ದರೆ ಆ ಏರುಪೇರನ್ನು ಸರಿಪಡಿಸಲು ಇದರ ಚಿತ್ರದಿಂದಲೇ ಭಾಗಿಸಬೇಕು.

ಹಂತ 2: ಬ್ಯಾಕ್‌ಗ್ರೌಂಡ್

ಹೆಚ್ಚಿನವರ ಅಂಕಿ ಕೆಡುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಬ್ಯಾಕ್‌ಗ್ರೌಂಡ್ ಮೂರು ಪದರ. ಮೊದಲನೆಯದು ಕ್ಯಾಮೆರಾದ್ದು. ಪೂರ್ತಿ ಕತ್ತಲಲ್ಲೂ ಕ್ಯಾಮೆರಾ ಸೊನ್ನೆ ತೋರಿಸುವುದಿಲ್ಲ. ತಯಾರಕರು ಬೇಕೆಂದೇ ಒಂದು ಅಂಕಿ ಸೇರಿಸಿರುತ್ತಾರೆ, ಎಷ್ಟೋ ಕ್ಯಾಮೆರಾಗಳಲ್ಲಿ ಅದು 100ರ ಆಸುಪಾಸು. ಇದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ನಾನು ಕಲಿಯುವಾಗ ಇದನ್ನು ಕಳೆಯದೆ ಮೂರು ವಾರದ ಚಿತ್ರಗಳನ್ನು ಲೆಕ್ಕ ಹಾಕಿದ್ದೆ. ಮಂಕು ಕೋಶಗಳಲ್ಲೆಲ್ಲ ಅನುಪಾತ 1ರ ಹತ್ತಿರವೇ ಬರುತ್ತಿತ್ತು. ಯಾಕೆ ಅಂತ ನೋಡಿ. ಹಳದಿ ಚಿತ್ರದಲ್ಲಿ 160, ಸಯಾನ್ ಚಿತ್ರದಲ್ಲಿ 130 ಇದೆ ಅಂದುಕೊಳ್ಳಿ. ಹಾಗೇ ಭಾಗಿಸಿದರೆ 1.23. ಎರಡರಿಂದಲೂ 100 ಕಳೆದು ಭಾಗಿಸಿದರೆ 60ಕ್ಕೆ 30, ಅಂದರೆ 2. ಒಂದೇ ಕೋಶ, ಎರಡು ಉತ್ತರ. ಮೂರು ವಾರದ ಲೆಕ್ಕವನ್ನು ಮೊದಲಿಂದ ಮಾಡಬೇಕಾಯಿತು.

ಎರಡನೆಯದು ದ್ರವದ್ದು. ಕೋಶ ಬೆಳೆಸುವ ಮೀಡಿಯಂನಲ್ಲಿರುವ ಫೀನಾಲ್ ರೆಡ್ ಮತ್ತು ರೈಬೋಫ್ಲೇವಿನ್ ತಾವೇ ಹೊಳೆಯುತ್ತವೆ. ಚಿತ್ರ ತೆಗೆಯುವ ಮುನ್ನ ಅವಿಲ್ಲದ ಬಣ್ಣರಹಿತ ಬಫರ್‌ಗೆ ಬದಲಿಸಿ.

ಮೂರನೆಯದು ಕೋಶದ್ದೇ. ಎನ್‌ಎಡಿಎಚ್, ಫ್ಲೇವಿನ್‌ನಂಥ ಅಣುಗಳು ಸಯಾನ್ ಚಿತ್ರ ತೆಗೆಯುವ ಬೆಳಕಿಗೆ ಹತ್ತಿರದ ಬೆಳಕಿನಲ್ಲಿ ತಾವೇ ಹೊಳೆಯುತ್ತವೆ. ಇದಕ್ಕೆ ಆಟೋಫ್ಲೋರೆಸೆನ್ಸ್, ಅಂದರೆ ಕೋಶದ ಸ್ವಂತ ಹೊಳಪು. ಕೋಶದ ಪಕ್ಕದ ಖಾಲಿ ಜಾಗದಿಂದ ಬ್ಯಾಕ್‌ಗ್ರೌಂಡ್ ತೆಗೆದುಕೊಂಡರೆ ಮೊದಲ ಎರಡು ಪದರ ಮಾತ್ರ ಹೋಗುತ್ತವೆ. ಮೂರನೆಯದು ಉಳಿದೇ ಬಿಡುತ್ತದೆ. ಆ ಖಾಲಿ ಕೋಶದ ಡಿಶ್ ಬೇಕು ಅಂದದ್ದು ಇದಕ್ಕೇ. ಅದರಲ್ಲಿ 20–30 ಕೋಶಗಳ ಸರಾಸರಿ ತೆಗೆಯಿರಿ, ಮೂರೂ ಚಿತ್ರಗಳಿಗೆ (ಯಾವ ಮೂರು ಎಂಬುದು ಹಂತ 4ರಲ್ಲಿದೆ) ಬೇರೆ ಬೇರೆಯಾಗಿ. ಕಳೆಯಬೇಕಾದದ್ದು ಆ ಅಂಕಿ.

ಇನ್ನೊಂದು ಗುಂಡಿ ಇದೆ, ಎಷ್ಟೋ ಮಂದಿ ಬೀಳುವುದು ಅದರಲ್ಲೇ. ಫಿಜಿ ಅಥವಾ ಇಮೇಜ್‌ಜೆ ಸಾಫ್ಟ್‌ವೇರಿನಲ್ಲಿ 16 ಬಿಟ್ ಚಿತ್ರದಿಂದ ಅಂಕಿ ಕಳೆದರೆ ಸೊನ್ನೆಗಿಂತ ಕೆಳಗೆ ಹೋದದ್ದೆಲ್ಲ ಸೊನ್ನೆ ಆಗುತ್ತದೆ. ನಾಯ್ಸ್ ಅಂದರೆ ಅಂಕಿಯ ಸುಮ್ನೆ ಏರಿಳಿತ, ಅದು ಮೇಲೂ ಹೋಗುತ್ತದೆ, ಕೆಳಗೂ ಹೋಗುತ್ತದೆ. ಕೆಳಗಿನದನ್ನು ಕತ್ತರಿಸಿ ಮೇಲಿನದನ್ನು ಉಳಿಸಿದರೆ ಸರಾಸರಿ ತಾನೇ ಏರುತ್ತದೆ. ಇಲ್ಲದ ಫ್ರೆಟ್ ಹುಟ್ಟುತ್ತದೆ. ಕಳೆಯುವ ಮೊದಲೇ ಚಿತ್ರವನ್ನು 32 ಬಿಟ್‌ಗೆ ಬದಲಿಸಿ. ಮೈನಸ್ ಅಂಕಿ ಬಂದರೆ ಬರಲಿ, ಅದೂ ಲೆಕ್ಕದ ಭಾಗ.

ಹಂತ 3: ಎಕ್ಸ್‌ಪೋಶರ್

ಅತಿ ಹೊಳೆಯುವ ಪಿಕ್ಸೆಲ್ ಕ್ಯಾಮೆರಾದ ಗರಿಷ್ಠ ಅಂಕಿಯ ಅರ್ಧದಿಂದ ಮೂರನೇ ಎರಡು ಪಾಲಿನೊಳಗಿರಲಿ. 12 ಬಿಟ್ ಕ್ಯಾಮೆರಾದಲ್ಲಿ ಗರಿಷ್ಠ 4095. ಅಲ್ಲಿಗೆ ಮುಟ್ಟಿದ ಪಿಕ್ಸೆಲ್ ತುಂಬಿ ಹೊರಚೆಲ್ಲಿದ ಕೊಡದ ಹಾಗೆ. ಎಷ್ಟು ನೀರು ಬಂತು ಎಂದು ಅದು ಹೇಳಲಾರದು. ಎಲ್ಲ ಡಿಶ್‌ಗೂ ಅದೇ ಎಕ್ಸ್‌ಪೋಶರ್, ಅದೇ ದೀಪದ ಪ್ರಮಾಣ. ಆಟೋ ಎಕ್ಸ್‌ಪೋಶರ್ ಬಂದ್ ಮಾಡಿ. ಜೆಪಿಇಜಿ ಬೇಡ, ಮೂಲ ಫೈಲ್ ಇಲ್ಲವೇ ಟಿಫ್ ಇಡಿ.

ಹಂತ 4: ಮೂರು ಚಿತ್ರ, ಪ್ರತಿ ಸಲ ಅದೇ ಕ್ರಮ

ಪ್ರತಿ ಕೋಶಕ್ಕೂ ಮೂರು ಚಿತ್ರ. ಡೋನರ್ ಚಿತ್ರದಲ್ಲಿ ಡೋನರ್ ಅನ್ನು ಕೆಣಕುವ ಬೆಳಕು ಹಾಯಿಸಿ ಸಯಾನ್ ಹೊಳಪು ನೋಡುತ್ತೇವೆ. ಅಕ್ಸೆಪ್ಟರ್ ಚಿತ್ರದಲ್ಲಿ ಹಳದಿಯನ್ನೇ ನೇರವಾಗಿ ಕೆಣಕಿ ಹಳದಿ ಹೊಳಪು ನೋಡುತ್ತೇವೆ. ಫ್ರೆಟ್ ಚಿತ್ರದಲ್ಲಿ ಡೋನರ್ ಅನ್ನು ಕೆಣಕುವ ಬೆಳಕನ್ನೇ ಹಾಯಿಸಿ ಅಕ್ಸೆಪ್ಟರ್‌ನ ಹೊಳಪು ನೋಡುತ್ತೇವೆ. ಸಿಎಫ್‌ಪಿ–ವೈಎಫ್‌ಪಿ ಜೋಡಿಗೆ ಕೆಣಕುವ ಫಿಲ್ಟರುಗಳು ಸಾಮಾನ್ಯವಾಗಿ 436 ಮತ್ತು 500 ನ್ಯಾನೋಮೀಟರ್, ನೋಡುವ ಫಿಲ್ಟರುಗಳು 480 ಮತ್ತು 535ರ ಸುತ್ತ.

ಕ್ರಮ ಯಾವುದಾದರೂ ಇರಲಿ, ಆರೂ ಡಿಶ್‌ಗೆ ಅದೇ ಇರಲಿ. ನಾನು ಫ್ರೆಟ್ ಚಿತ್ರ ಮೊದಲು ತೆಗೆಯುತ್ತೇನೆ, ಆಮೇಲೆ ಡೋನರ್, ಆಮೇಲೆ ಅಕ್ಸೆಪ್ಟರ್. ಕೊನೆಗೆ ಇನ್ನೊಮ್ಮೆ ಫ್ರೆಟ್. ಮೊದಲನೆಯದಕ್ಕೂ ಕೊನೆಯದಕ್ಕೂ ನಾಯ್ಸ್ ಮೀರಿ ವ್ಯತ್ಯಾಸ ಬಂದರೆ ಕೋಶ ಕದಲಿದೆ ಇಲ್ಲವೇ ಬಣ್ಣ ಸುಟ್ಟಿದೆ, ಅಂದರೆ ಬೆಳಕು ಬಿದ್ದು ಬಿದ್ದು ಹೊಳೆಯುವ ಶಕ್ತಿ ಕಳೆದುಕೊಂಡಿದೆ. ಆ ಕೋಶ ಬಿಟ್ಟುಬಿಡಿ. ಒಂದು ಹೆಚ್ಚಿನ ಚಿತ್ರಕ್ಕೆ ಅರ್ಧ ಸೆಕೆಂಡ್ ಹೋಗುತ್ತದೆ, ಉಳಿಯುವ ತಲೆನೋವು ಎಷ್ಟೋ.

ಹಂತ 5: ಎಷ್ಟು ಬಣ್ಣ ಹತ್ತುತ್ತದೆ?

ಹೊಸ ಕೆಂಪು ಇಳಕಲ್ ಸೀರೆಯನ್ನು ಬಿಳಿ ಅಂಗಿಯ ಜೊತೆ ನೆನೆ ಹಾಕುವ ಮೊದಲು ಮನೆಯಲ್ಲಿ ಏನು ಮಾಡುತ್ತಾರೆ? ಸೆರಗಿನ ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ, ಎಷ್ಟು ಬಣ್ಣ ಬಿಡುತ್ತದೆ ಎಂದು ನೋಡುತ್ತಾರೆ. ಈ ಹಂತದಲ್ಲಿ ನಾವು ಮಾಡುವುದು ಅದನ್ನೇ.

ಡೋನರ್‌ನ ಹೊಳಪಿನ ಬಾಲ ಹಳದಿ ಫಿಲ್ಟರಿನೊಳಗೂ ಚಾಚಿರುತ್ತದೆ. ಇದಕ್ಕೆ ಬ್ಲೀಡ್-ಥ್ರೂ ಎನ್ನುತ್ತಾರೆ, ಬಣ್ಣ ಹತ್ತುವುದು. ಇನ್ನೊಂದು ಕಡೆ, ಡೋನರ್‌ಗೆಂದು ಬಿಟ್ಟ ಬೆಳಕನ್ನು ಅಕ್ಸೆಪ್ಟರ್ ಕೂಡ ಸ್ವಲ್ಪ ನೇರವಾಗಿ ಹೀರಿ ಹೊಳೆಯುತ್ತದೆ. ಎರಡೂ ಫ್ರೆಟ್ ಚಿತ್ರದೊಳಗೆ ಬಂದು ಕೂರುತ್ತವೆ, ಎರಡೂ ಫ್ರೆಟ್ ಅಲ್ಲ.

ಡೋನರ್ ಮಾತ್ರ ಇರುವ ಡಿಶ್ ತೆಗೆದುಕೊಳ್ಳಿ. ಬ್ಯಾಕ್‌ಗ್ರೌಂಡ್ ಕಳೆದ ಮೇಲೆ ಫ್ರೆಟ್ ಚಿತ್ರದ ಅಂಕಿಯನ್ನು ಡೋನರ್ ಚಿತ್ರದ ಅಂಕಿಯಿಂದ ಭಾಗಿಸಿ. ಬಂದದ್ದನ್ನು ಡ ಎಂದು ಕರೆಯೋಣ. ಅಕ್ಸೆಪ್ಟರ್ ಮಾತ್ರ ಇರುವ ಡಿಶ್‌ನಲ್ಲಿ ಫ್ರೆಟ್ ಚಿತ್ರವನ್ನು ಅಕ್ಸೆಪ್ಟರ್ ಚಿತ್ರದಿಂದ ಭಾಗಿಸಿ. ಅದು ಅ.

ಒಂದು ಕೋಶ ಸಾಲದು. ಮಂಕಿನಿಂದ ಹೊಳಪಿನವರೆಗೆ ಕನಿಷ್ಠ ಹತ್ತು-ಹದಿನೈದು ಕೋಶ ಬೇಕು. ಡೋನರ್ ಅಂಕಿಯನ್ನು ಅಡ್ಡಕ್ಕೆ, ಫ್ರೆಟ್ ಅಂಕಿಯನ್ನು ಉದ್ದಕ್ಕೆ ಇಟ್ಟು ಚುಕ್ಕೆ ಹಾಕಿ. ನೇರ ಗೆರೆ ಬಂದು ಅದು ಸೊನ್ನೆಯ ಮೂಲಕ ಹಾಯಬೇಕು. ಗೆರೆಯ ಇಳಿಜಾರೇ ಡ. ಗೆರೆ ಸೊನ್ನೆ ಬಿಟ್ಟು ಮೇಲೆ ಅಥವಾ ಕೆಳಗೆ ಹಾದರೆ ಹಂತ 2ಕ್ಕೆ ವಾಪಸ್ ಹೋಗಿ, ಬ್ಯಾಕ್‌ಗ್ರೌಂಡ್ ತಪ್ಪಿದೆ. ಈ ಒಂದು ಗ್ರಾಫ್ ಹಿಡಿದಷ್ಟು ತಪ್ಪನ್ನು ಬೇರೆ ಯಾವ ಪರೀಕ್ಷೆಯೂ ಹಿಡಿಯುವುದಿಲ್ಲ. ನಾನಂತೂ ಇದನ್ನು ನೋಡದೆ ಯಾರ ಅಂಕಿಯನ್ನೂ ಒಪ್ಪುವುದಿಲ್ಲ.

ಡ, ಅ ಎರಡನ್ನೂ ಪ್ರತಿ ದಿನ ಹೊಸದಾಗಿ ಅಳೆಯಿರಿ. ಬೇರೆಯವರ ಪ್ರಬಂಧದಿಂದ ತಂದು ಹಾಕಬೇಡಿ. ಅವರ ಫಿಲ್ಟರ್ ಬೇರೆ, ದೀಪ ಬೇರೆ.

ಹಂತ 6: ಕಳೆಯುವುದು

ಮೊದಲು ಮೂರು ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ. ಫಿಲ್ಟರ್ ಬದಲಾದಾಗ ಚಿತ್ರ ಒಂದೆರಡು ಪಿಕ್ಸೆಲ್ ಜರಗುತ್ತದೆ. ಜರಗಿದ ಚಿತ್ರ ಕಳೆದರೆ ಕೋಶದ ಒಂದು ಅಂಚಿನಲ್ಲಿ ಜಾಸ್ತಿ ಫ್ರೆಟ್, ಎದುರು ಅಂಚಿನಲ್ಲಿ ಕಡಿಮೆ ಫ್ರೆಟ್ ಕಾಣುತ್ತದೆ. "ಪ್ರೋಟೀನು ಕೋಶದ ಒಂದು ಬದಿಗೆ ಸರಿದಿದೆ" ಎಂದು ಖುಷಿಪಡುವ ಮುನ್ನ ಇದನ್ನು ನೋಡಿ. ಆಮೇಲೆ:

ಶುದ್ಧ ಫ್ರೆಟ್ = ಫ್ರೆಟ್ ಚಿತ್ರ − (ಡ × ಡೋನರ್ ಚಿತ್ರ) − (ಅ × ಅಕ್ಸೆಪ್ಟರ್ ಚಿತ್ರ)

ಹಂತ 7: ನಾಯ್ಸ್ ಎಷ್ಟು ಎಂದು ಲೆಕ್ಕ ಹಾಕಿ

ಬೆಳಕು ಫೋಟಾನ್ ಎಂಬ ಬಿಡಿ ಹನಿಗಳಾಗಿ ಬರುತ್ತದೆ. ಹೆಂಚಿನ ಮೇಲೆ ಬೀಳುವ ಮಳೆಹನಿಯ ಹಾಗೆ, ಒಂದು ಕ್ಷಣ ಜಾಸ್ತಿ, ಒಂದು ಕ್ಷಣ ಕಡಿಮೆ. ಎಷ್ಟು ಫೋಟಾನ್ ಬಂತೋ ಅದರ ವರ್ಗಮೂಲದಷ್ಟು ಏರಿಳಿತ ಇದ್ದೇ ಇರುತ್ತದೆ. 100 ಫೋಟಾನ್ ಬಂದರೆ ಏರಿಳಿತ 10, ಅಂದರೆ ಶೇ 10. 10,000 ಬಂದರೆ ಏರಿಳಿತ 100, ಅಂದರೆ ಶೇ 1. ಎಷ್ಟೇ ದುಬಾರಿ ಕ್ಯಾಮೆರಾ ತಂದರೂ ಇದು ತಪ್ಪದು.

ಈಗ ಒಂದು ಲೆಕ್ಕ ಮಾಡೋಣ. ಫ್ರೆಟ್ ಚಿತ್ರದಲ್ಲಿ 1000 ಫೋಟಾನ್, ಡೋನರ್‌ನಲ್ಲಿ 800, ಅಕ್ಸೆಪ್ಟರ್‌ನಲ್ಲಿ 2000. ಡ 0.5, ಅ 0.1. ಕಳೆಯಬೇಕಾದದ್ದು 400 ಮತ್ತು 200. ಉಳಿದದ್ದು 400. ಬಂದ ಬೆಳಕಿನ ಅರ್ಧಕ್ಕಿಂತ ಜಾಸ್ತಿ ಫ್ರೆಟ್ ಅಲ್ಲ, ನೋಡಿದಿರಾ?

ಕಳೆಯುವಾಗ ಅಂಕಿ ಕಡಿಮೆಯಾಗುತ್ತದೆ, ಆದರೆ ನಾಯ್ಸ್ ಕಡಿಮೆಯಾಗುವುದಿಲ್ಲ, ಕೂಡುತ್ತದೆ. ಮೂರೂ ಚಿತ್ರದ ಏರಿಳಿತವನ್ನು ವರ್ಗ ಮಾಡಿ ಕೂಡಿಸಿದರೆ 1000 + 0.25 × 800 + 0.01 × 2000, ಅಂದರೆ 1220. ಇದರ ವರ್ಗಮೂಲ ಸುಮಾರು 35. ಉತ್ತರ 400, ಹೆಚ್ಚುಕಡಿಮೆ 35. ಶೇ 9ರಷ್ಟು ಅನುಮಾನ.

ಅದೇ ಕೋಶ ಹತ್ತು ಪಾಲು ಮಂಕಾಗಿದ್ದರೆ? ಉಳಿಕೆ 40, ನಾಯ್ಸ್ 11. ಅನುಮಾನ ಶೇ 28ಕ್ಕೆ ಏರಿತು. ಇದರ ಮೇಲೆ ಬ್ಯಾಕ್‌ಗ್ರೌಂಡ್ ಕಳೆಯುವಾಗ ಫ್ರೆಟ್ ಚಿತ್ರದಲ್ಲಿ ಬರೀ 20 ತಪ್ಪಿದರೆ ಹೊಳೆಯುವ ಕೋಶದಲ್ಲಿ 400 ಇದ್ದದ್ದು 420 ಆಗುತ್ತದೆ. ಮಂಕು ಕೋಶದಲ್ಲಿ 40 ಇದ್ದದ್ದು 60. ನಿಮ್ಮ ಅಂಕಿ ದಿನಾ ಬದಲಾಗುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಕ್ಯಾಮೆರಾ ತೋರಿಸುವ ಅಂಕಿಯೇ ಫೋಟಾನ್ ಅಲ್ಲ ಎಂಬುದು ನೆನಪಿರಲಿ. ಕ್ಯಾಮೆರಾ ಹಿಡಿದ ಒಂದೊಂದು ಫೋಟಾನ್ ಒಂದೊಂದು ಎಲೆಕ್ಟ್ರಾನ್ ಆಗುತ್ತದೆ. ಒಂದು ಅಂಕಿಗೆ ಎಷ್ಟು ಎಲೆಕ್ಟ್ರಾನ್ ಎಂದು ಕ್ಯಾಮೆರಾದ ಜೊತೆ ಬಂದ ಹಾಳೆಯಲ್ಲಿರುತ್ತದೆ. ಹಾಳೆ ಕಳೆದುಹೋಗಿದ್ದರೆ ನೀವೇ ಅಳೆಯಬಹುದು. ಪ್ಲಾಸ್ಟಿಕ್ ಸ್ಲೈಡಿನ ಮೇಲೆ ಬೇರೆ ಬೇರೆ ಬೆಳಕಿನಲ್ಲಿ ಎರಡೆರಡು ಚಿತ್ರ ತೆಗೆಯಿರಿ. ಪ್ರತಿ ಜೋಡಿಯ ವ್ಯತ್ಯಾಸ ತೆಗೆದು ಅದರ ವೇರಿಯನ್ಸ್‌ನ (ಏರಿಳಿತದ ವರ್ಗದ) ಅರ್ಧವನ್ನು, ಆಫ್‌ಸೆಟ್ ಕಳೆದ ಸರಾಸರಿ ಅಂಕಿಯ ಎದುರು ಚುಕ್ಕೆ ಹಾಕಿ. ಇಳಿಜಾರು ಎಂದರೆ ಒಂದು ಎಲೆಕ್ಟ್ರಾನ್‌ಗೆ ಎಷ್ಟು ಅಂಕಿ ಎಂಬುದು. ಮಂಕು ಬೆಳಕಿಗೆಂದು ಬಳಸುವ ಇಎಂಸಿಸಿಡಿ ಕ್ಯಾಮೆರಾದಲ್ಲಿ ಗೇನ್, ಅಂದರೆ ಸಂಕೇತ ಹಿಗ್ಗಿಸುವ ಪ್ರಮಾಣ, ಏರಿಸಿದರೆ ನಾಯ್ಸ್ ಸುಮಾರು 1.4 ಪಟ್ಟು ಏರುತ್ತದೆ. ಲೆಕ್ಕಕ್ಕೆ ಅರ್ಧ ಫೋಟಾನ್ ಕಳೆದುಕೊಂಡ ಹಾಗೇ.

ನಾಯ್ಸ್ ಇಳಿಸಲು ಮೂರು ದಾರಿ. ಜಾಸ್ತಿ ಬೆಳಕು ಕೂಡಿಸಿ, ಆದರೆ ಬಣ್ಣ ಸುಡದಷ್ಟು. ಪಿಕ್ಸೆಲ್ ಕೂಡಿಸಿ. 3 × 3 ಪಿಕ್ಸೆಲ್ ಸೇರಿಸಿದರೆ ಬೆಳಕು ಒಂಬತ್ತು ಪಟ್ಟು, ಅನುಮಾನ ಮೂರನೇ ಒಂದು. ಇಲ್ಲವೇ ಇಡೀ ಕೋಶಕ್ಕೆ ಒಂದೇ ಅಂಕಿ ತೆಗೆಯಿರಿ. ಕೋಶದೊಳಗೆ ಎಲ್ಲಿ ಎಂಬುದು ನಿಮ್ಮ ಪ್ರಶ್ನೆ ಅಲ್ಲದಿದ್ದರೆ ಪಿಕ್ಸೆಲ್ ಪಿಕ್ಸೆಲ್ ಲೆಕ್ಕ ಯಾಕೆ? ಸುಮ್ನೆ ನಾಯ್ಸ್ ಕೊಂಡುಕೊಂಡ ಹಾಗೆ.

ಕೂಡಿಸುವಾಗ ಒಂದು ಎಚ್ಚರ. ಮೊದಲು ಕೂಡಿಸಿ, ಆಮೇಲೆ ಭಾಗಿಸಿ. ಎರಡು ಪಿಕ್ಸೆಲ್‌ನಲ್ಲಿ ಮೇಲಿನ ಅಂಕಿ 20 ಮತ್ತು 20, ಕೆಳಗಿನ ನಿಜವಾದ ಅಂಕಿ 10 ಮತ್ತು 10 ಇದೆ. ನಾಯ್ಸ್‌ನಿಂದ ಅದು 5 ಮತ್ತು 15 ಆಯಿತು. ಒಂದೊಂದನ್ನೇ ಭಾಗಿಸಿದರೆ 4 ಮತ್ತು 1.33, ಸರಾಸರಿ 2.67. ಮೊದಲು ಕೂಡಿಸಿ ಭಾಗಿಸಿದರೆ 40ಕ್ಕೆ 20, ಸರಿಯಾಗಿ 2. ಅನುಪಾತಗಳ ಸರಾಸರಿ ತೆಗೆದವರಿಗೆ ಮಂಕು ಕೋಶಗಳಲ್ಲೆಲ್ಲ ಜಾಸ್ತಿ ಅಂಕಿ ಬರುವುದು ಹೀಗೆ.

ಚಿತ್ರವನ್ನು ಚೊಕ್ಕಟ ಮಾಡಿಕೊಡುವ ಎಐ ಸಾಫ್ಟ್‌ವೇರ್ ಬಳಸಬಹುದೇ ಎಂದು ಈಚೆಗೆ ತುಂಬಾ ಜನ ಕೇಳುತ್ತಾರೆ. ಕೋಶದ ಗಡಿ ಗುರುತಿಸಲು ಬಳಸಿ. ಅಳತೆ ಮಾತ್ರ ಮೂಲ ಚಿತ್ರದಲ್ಲೇ ಮಾಡಿ. ಅವು ಒಂದೊಂದು ಚಿತ್ರವನ್ನು ಒಂದೊಂದು ರೀತಿ ತಿದ್ದುತ್ತವೆ, ಮೂರರ ನಡುವಿನ ಅನುಪಾತ ಉಳಿಯುತ್ತದೆಂಬ ಖಾತ್ರಿ ಇಲ್ಲ.

ಹಂತ 8: ಶೇಕಡಾವಾರು ಅಂಕಿ

ಶುದ್ಧ ಫ್ರೆಟ್ 400 ಅಂದರೆ ಎಷ್ಟು? ನಿಮ್ಮ ಯಂತ್ರದಲ್ಲಿ 400, ಪಕ್ಕದವರ ಯಂತ್ರದಲ್ಲಿ 900 ಇರಬಹುದು. ಎಲ್ಲ ಕಡೆ ಹೊಂದುವ ಅಂಕಿ ಬೇಕಾದರೆ ಜಿ ಎಂಬ ಗುಣಕ ಬೇಕು. ಡೋನರ್ ಒಂದು ಅಂಕಿ ಕಳೆದುಕೊಂಡಾಗ ಅಕ್ಸೆಪ್ಟರ್ ಎಷ್ಟು ಅಂಕಿ ಗಳಿಸುತ್ತದೆ ಎಂಬುದು ಅದು.

ಜೋಡಿಸಿದ ಪ್ರೋಟೀನಿನ ಡಿಶ್ ತೆಗೆದುಕೊಂಡು ಮೂರು ಚಿತ್ರ ತೆಗೆಯಿರಿ. ಆಮೇಲೆ ಹಳದಿಯನ್ನು ಜೋರು ಬೆಳಕಿನಿಂದ ಸುಟ್ಟು ಮತ್ತೆ ಮೂರು ಚಿತ್ರ. ಶುದ್ಧ ಫ್ರೆಟ್ 400ರಿಂದ 40ಕ್ಕೆ ಇಳಿಯಿತು, ಡೋನರ್ 800ರಿಂದ 980ಕ್ಕೆ ಏರಿತು ಎಂದುಕೊಳ್ಳಿ. 360ನ್ನು 180ರಿಂದ ಭಾಗಿಸಿದರೆ ಜಿ = 2. ನಂತರ:

ಫ್ರೆಟ್ ಪ್ರಮಾಣ = ಶುದ್ಧ ಫ್ರೆಟ್ ÷ (ಶುದ್ಧ ಫ್ರೆಟ್ + ಜಿ × ಡೋನರ್)

ಇಲ್ಲಿ 400ನ್ನು 2000ದಿಂದ ಭಾಗಿಸಿ, ಶೇ 20. ಹತ್ತು ಕೋಶದಲ್ಲಾದರೂ ಮಾಡಿ ಜಿಯ ಸರಾಸರಿ ಇಟ್ಟುಕೊಳ್ಳಿ. ಫಿಲ್ಟರ್ ಅಥವಾ ಎಕ್ಸ್‌ಪೋಶರ್ ಬದಲಿಸಿದರೆ ಜಿಯೂ ಬದಲು.

ಈ ಶೇಕಡಾವಾರನ್ನು ನ್ಯಾನೋಮೀಟರ್‌ಗೆ ಬದಲಿಸುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಶೇ 20 ಅಂದರೆ ಎಲ್ಲ ಜೋಡಿಗಳೂ ಶೇ 20 ದಾಟಿಸುತ್ತಿರಬಹುದು. ಇಲ್ಲವೇ ಮೂರರಲ್ಲಿ ಒಂದು ಜೋಡಿ ಶೇ 60 ದಾಟಿಸಿ ಉಳಿದವು ಸುಮ್ಮನಿರಬಹುದು. ಚಿತ್ರ ಎರಡನ್ನೂ ಒಂದೇ ಥರ ತೋರಿಸುತ್ತದೆ.

ಹಂತ 9: ಇನ್ನೊಂದು ದಾರಿಯಲ್ಲಿ ತಾಳೆ ನೋಡಿ

ಅಕ್ಸೆಪ್ಟರ್ ಸುಟ್ಟು ನೋಡುವುದೇ ಒಂದು ವಿಧಾನ. ಸುಡುವ ಮೊದಲು ಡೋನರ್ 1000, ಸುಟ್ಟ ಮೇಲೆ 1250. 1000ವನ್ನು 1250ರಿಂದ ಭಾಗಿಸಿ 1ರಿಂದ ಕಳೆದರೆ ಶೇ 20. ನಾಯ್ಸ್ ಲೆಕ್ಕ ಸೇರಿಸಿದರೆ ಹೆಚ್ಚುಕಡಿಮೆ 3.4. ಇದರಲ್ಲಿ ಬಣ್ಣ ಹತ್ತುವ ತಕರಾರು ಕಡಿಮೆ, ಆದರೆ ಬೇರೆ ತಕರಾರುಗಳಿವೆ. ಸುಡುವ ಬೆಳಕಿಗೆ ಡೋನರ್ ಕೂಡ ಸ್ವಲ್ಪ ಸುಡುತ್ತದೆ. ಸುಟ್ಟ ಹಳದಿ ಪ್ರೋಟೀನು ಕೆಲವೊಮ್ಮೆ ಸಯಾನ್ ಥರ ಹೊಳೆಯತೊಡಗುತ್ತದೆ, ಆಗ ಇಲ್ಲದ ಫ್ರೆಟ್ ಕಾಣುತ್ತದೆ. ಅಕ್ಸೆಪ್ಟರ್ ಮಾತ್ರ ಇರುವ ಡಿಶ್ ಸುಟ್ಟು ಡೋನರ್ ಚಿತ್ರದಲ್ಲಿ ಏನಾದರೂ ಏರಿತೇ ಎಂದು ನೋಡಿಕೊಳ್ಳಿ.

ಫ್ಲಿಮ್ ಎಂಬ ವಿಧಾನದ ಯಂತ್ರ ಇರುವ ಕಡೆ ಹೋದರೆ ಇನ್ನೂ ಒಳ್ಳೆಯದು. ಅದು ಡೋನರ್ ಎಷ್ಟು ಹೊತ್ತು ಹೊಳೆಯುತ್ತದೆ ಎಂಬುದನ್ನು ಅಳೆಯುತ್ತದೆ, ಎಷ್ಟು ಜೋರಾಗಿ ಎಂಬುದನ್ನಲ್ಲ. ಕೋಶದಲ್ಲಿ ಪ್ರೋಟೀನು ಎಷ್ಟಿದೆ ಎಂಬ ಗೊಂದಲ ಇಲ್ಲ. ಎಂಟರ್ಕ್ವಾಯ್ಸ್2 ಎಂಬ ಡೋನರ್ ಸುಮಾರು 4 ನ್ಯಾನೋಸೆಕೆಂಡ್ ಹೊಳೆಯುತ್ತದೆ. ಅದು 3ಕ್ಕೆ ಇಳಿದರೆ ಫ್ರೆಟ್ ಶೇ 25.

ಹಂತ 10: ಎಣಿಸುವುದು ಕೋಶಗಳನ್ನು

ಒಂದು ಕೋಶದಲ್ಲಿ 5000 ಪಿಕ್ಸೆಲ್ ಇದ್ದರೂ ಅದು ಒಂದೇ ಮಾದರಿ. ಬೇರೆ ಬೇರೆ ದಿನ ಕನಿಷ್ಠ ಮೂರು ಸಲ ಮಾಡಿ.

ಪ್ರತಿ ಕೋಶದ ಫ್ರೆಟ್ ಪ್ರಮಾಣವನ್ನು ಅದರ ಅಕ್ಸೆಪ್ಟರ್ ಹೊಳಪಿನ ಎದುರು ಚುಕ್ಕೆ ಹಾಕಿ ನೋಡಿ. ಜೋಡಿಸದ ಪ್ರೋಟೀನುಗಳ ಡಿಶ್‌ನಲ್ಲೂ ಹೊಳಪು ಏರಿದಂತೆ ಫ್ರೆಟ್ ಏರುತ್ತಿದ್ದರೆ ಅದು ಜಾತ್ರೆಯಲ್ಲಿ ಮೈಗೆ ಮೈ ತಾಗಿದ ಹಾಗೆ, ನಂಟಲ್ಲ. ಅಷ್ಟು ತುಂಬಿದ ಕೋಶಗಳನ್ನು ಬಿಡಿ. ಡೋನರ್, ಅಕ್ಸೆಪ್ಟರ್‌ಗಳ ಪ್ರಮಾಣದಲ್ಲಿ ಒಂದು ಇನ್ನೊಂದರ ಹತ್ತು ಪಟ್ಟು ಮೀರಿದ ಕೋಶಗಳನ್ನೂ ಬಿಡಿ. ಯಾವ ನಿಯಮದಿಂದ ಬಿಟ್ಟಿರಿ ಎಂಬುದನ್ನು ಉತ್ತರ ನೋಡುವ ಮೊದಲೇ ಬರೆದಿಡಿ.

ಎರಡು ತಾಸಿನ ಸ್ಲಾಟ್ ಸಿಕ್ಕವರಿಗೆ

ನಮ್ಮ ಕಡೆಯ ಎಷ್ಟೋ ವಿದ್ಯಾರ್ಥಿಗಳು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಎರಡು ತಾಸಿನ ಸ್ಲಾಟ್‌ನಲ್ಲಿ ಎಲ್ಲ ಮುಗಿಸಬೇಕು. ಜೀವಂತ ಕೋಶಗಳನ್ನು ಬಸ್ಸಿನಲ್ಲಿ ಒಯ್ಯುವ ಸಾಹಸ ಬೇಡ. ಬಣ್ಣದ ಪ್ರೋಟೀನನ್ನು ಕೋಶದಲ್ಲಿ ಮಾಡಿಸುವ ಪ್ಲಾಸ್ಮಿಡ್ ಡಿಎನ್‌ಎಯನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಮುಂಚೆಯೇ ಕಳಿಸಿ, ಅಲ್ಲೇ ಕೋಶಕ್ಕೆ ಹಾಕಿಸಿಕೊಳ್ಳಿ. ಅದಾಗದಿದ್ದರೆ ಫಾರ್ಮಾಲ್ಡಿಹೈಡ್‌ನಲ್ಲಿ ಹಿಡಿದಿಟ್ಟ ಕೋಶ ಒಯ್ಯಿರಿ. ಇದರಿಂದ ಸ್ವಂತ ಹೊಳಪು ಏರುತ್ತದೆ, ಹಾಗಾಗಿ ಆರೂ ಡಿಶ್ ಒಂದೇ ದಿನ, ಒಂದೇ ದ್ರವದಲ್ಲಿ, ಒಂದೇ ಹೊತ್ತು ಹಿಡಿದಿಟ್ಟದ್ದಾಗಿರಬೇಕು.

ದೀಪ ಹಚ್ಚಿಡಲು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಕತ್ತಲ ಚಿತ್ರ, ಪ್ಲಾಸ್ಟಿಕ್ ಸ್ಲೈಡ್, ಖಾಲಿ ಕೋಶಕ್ಕೆ 10 ನಿಮಿಷ. ಡೋನರ್ ಮಾತ್ರ, ಅಕ್ಸೆಪ್ಟರ್ ಮಾತ್ರ ಎರಡಕ್ಕೂ ಸೇರಿ 25. ಜೋಡಿಸಿದ್ದು, ಜೋಡಿಸದ್ದು ಎರಡಕ್ಕೂ 20. ಅಲ್ಲೇ ಲ್ಯಾಪ್‌ಟಾಪಿನಲ್ಲಿ ಒರಟಾಗಿಯಾದರೂ ಲೆಕ್ಕ ಹಾಕಿ. 5 ಅಮೈನೋ ಆಮ್ಲದ ಕೊಂಡಿಯ ಜೋಡಿ ಶೇ 43ರ ಆಸುಪಾಸು ಬಂತೇ? ಬರದಿದ್ದರೆ ಸ್ಯಾಂಪಲ್ ಮುಟ್ಟಬೇಡಿ, ಬ್ಯಾಕ್‌ಗ್ರೌಂಡ್ ಮತ್ತೆ ನೋಡಿ. ಬಂದರೆ ಸ್ಯಾಂಪಲ್‌ಗೆ 40 ನಿಮಿಷ. ಕೊನೆಗೆ ಡೋನರ್ ಮಾತ್ರ ಡಿಶ್‌ಗೆ ಇನ್ನೊಮ್ಮೆ 5 ನಿಮಿಷ, ಡ ಬದಲಾಗಿಲ್ಲ ಎಂದು ಖಾತ್ರಿಯಾಗಲು.

ಉಳಿದ 20 ನಿಮಿಷ ಫೈಲ್ ಇಳಿಸಿಕೊಳ್ಳಲು. ಫಿಲ್ಟರ್, ಎಕ್ಸ್‌ಪೋಶರ್, ದೀಪದ ಪ್ರಮಾಣ, ಕೋಣೆಯ ಬಿಸಿ, ಚಿತ್ರದ ಕ್ರಮ ಎಲ್ಲ ಪುಸ್ತಕದಲ್ಲಿ ಕೈಯಿಂದ ಬರೆದುಕೊಳ್ಳಿ. ಮೂಲ ಫೈಲ್‌ಗಳ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ. ಎರಡರಿಂದಲೂ ಒಂದೊಂದು ಫೈಲ್ ತೆರೆದು ನೋಡಿದ ಮೇಲೆಯೇ ಕುರ್ಚಿಯಿಂದ ಏಳಿ.